ಎಚ್. ನರಸಿಂಹಯ್ಯನವರ ಹನ್ನೊಂದು ವರ್ಷಗಳು: ಪ್ರಾಂಶುಪಾಲರನ್ನು ನೇಮಿಸುವವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಉನ್ನತ ಶಿಕ್ಷಣ ಸಚಿವರಿಗೆ, ಕಾಲೇಜು ಶಿಕ್ಷಣ ಇಲಾಖೆಯ ಹಿರಿಯ ಅಧಿಕಾರಿಗಳಿಗೆ ಮತ್ತು ಅನುದಾನಿತ ಕಾಲೇಜುಗಳ ಆಡಳಿತ ಮಂಡಳಿಗಳ ಸದಸ್ಯರಿಗೆ,

ಮಾನ್ಯರೇ,

ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ನನ್ನ ಸೇವೆಯ ಬಹುಭಾಗ ಪ್ರಭಾರ ಪ್ರಾಂಶುಪಾಲರ ಕೈಕೆಳಗೆ ಕಳೆಯಿತು. ಅವರಲ್ಲಿ ಅಸಮರ್ಥರು ಕಡಿಮೆ, ಒಳ್ಳೆಯ ಮೇಷ್ಟ್ರುಗಳೇ ಹೆಚ್ಚು. ಸೇವಾ ಜ್ಯೇಷ್ಠತೆಯ ಪಟ್ಟಿಯಲ್ಲಿ ಹೆಸರು ಮೇಲಿದ್ದ ಕಾರಣಕ್ಕೆ ಕುರ್ಚಿ ಅವರ ಪಾಲಿಗೆ ಬರುತ್ತಿತ್ತು. ವರ್ಗಾವಣೆಯೋ ನಿವೃತ್ತಿಯೋ ಬಂದಾಗ ಅದನ್ನು ಇನ್ನೊಬ್ಬರಿಗೆ ಬಿಟ್ಟು ಹೋಗುತ್ತಿದ್ದರು. ಪ್ರಾಂಶುಪಾಲರ ಹುದ್ದೆಗಳ ನೇರ ನೇಮಕಾತಿಗೆಂದು ಸರ್ಕಾರ ಕಳೆದ ಕೆಲವು ವರ್ಷಗಳಲ್ಲಿ 300ಕ್ಕೂ ಹೆಚ್ಚು ಹುದ್ದೆಗಳಿಗೆ ಅರ್ಜಿ ಕರೆದದ್ದು, ಪರೀಕ್ಷೆ ನಡೆಸಿದ್ದು ನನಗೆ ಗೊತ್ತಿದೆ. ಅದನ್ನು ಮನಸಾರೆ ಸ್ವಾಗತಿಸಿದವರಲ್ಲಿ ನಾನೂ ಒಬ್ಬ. ಆದರೆ ಹುದ್ದೆ ತುಂಬಿದ ಮಾತ್ರಕ್ಕೆ ಕಾಲೇಜಿಗೆ ಪ್ರಾಂಶುಪಾಲರು ಸಿಕ್ಕಂತಾಗುವುದಿಲ್ಲ. ಆ ಕುರ್ಚಿಯಲ್ಲಿ ಕುಳಿತವರು ಏನು ಮಾಡಬೇಕೆಂದು ನಾವು ಬಯಸುತ್ತೇವೆ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು. ಅದಕ್ಕಾಗಿ ತಮ್ಮೆಲ್ಲರ ಮುಂದೆ ಒಬ್ಬರ ವೃತ್ತಿಜೀವನವನ್ನು ಇಡುತ್ತಿದ್ದೇನೆ.

ಡಾ. ಎಚ್. ನರಸಿಂಹಯ್ಯನವರನ್ನು ನಾಡು ನೆನೆಯುವುದು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳೆಂದು, ಪವಾಡಗಳನ್ನು ಪ್ರಶ್ನಿಸಿದ ವಿಚಾರವಾದಿಯೆಂದು, ಪದ್ಮಭೂಷಣ ಪಡೆದ ಗಾಂಧಿವಾದಿಯೆಂದು. ಅದೆಲ್ಲ ಸರಿ. ಆದರೆ 1961ರಿಂದ 1972ರವರೆಗೆ ಅವರು ಬಸವನಗುಡಿಯ ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ಮುಂದಿನದ್ದಕ್ಕೆಲ್ಲ ಬುನಾದಿ ಬಿದ್ದದ್ದು ಆ ಹನ್ನೊಂದು ವರ್ಷಗಳಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ನಾವು ಕುಲಪತಿಗಳ ಬಗ್ಗೆ ಪುಟಗಟ್ಟಲೆ ಬರೆಯುತ್ತೇವೆ, ಪ್ರಾಂಶುಪಾಲರ ಬಗ್ಗೆ ಬರೆಯುವುದಿಲ್ಲ. ಒಬ್ಬ ಹುಡುಗ ಅಥವಾ ಹುಡುಗಿ ಹದಿನೆಂಟನೆಯ ವಯಸ್ಸಿನಲ್ಲಿ ದಿನವೂ ಕಾಣುವುದು ಪ್ರಾಂಶುಪಾಲರನ್ನು. ಕುಲಪತಿಯ ಸಹಿ ಅವರ ಕೈ ಸೇರುವುದು ಪದವಿ ಪ್ರಮಾಣಪತ್ರದೊಂದಿಗೆ ಮಾತ್ರ.

ಗೌರಿಬಿದನೂರು ತಾಲ್ಲೂಕಿನ ಹೊಸೂರು ಅವರ ಊರು. ತೀರಾ ಬಡತನದ ಮನೆ. ಹೈಸ್ಕೂಲು ಓದಲು ಬೆಂಗಳೂರಿಗೆ ಬರಬೇಕಾದಾಗ ಪ್ರಯಾಣಕ್ಕೆ ಹಣವಿಲ್ಲದೆ ನಡೆದೇ ಬಂದರು. ಬಡ ವಿದ್ಯಾರ್ಥಿಗಳ ಉಚಿತ ನಿಲಯದಲ್ಲಿ ಆಸರೆ ಸಿಕ್ಕಿತು, ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ ಸೀಟು ಸಿಕ್ಕಿತು. ಆ ಶಾಲೆ 1917ರಲ್ಲಿ ರಾಷ್ಟ್ರೀಯ ಶಿಕ್ಷಣದ ಹುಮ್ಮಸ್ಸಿನಲ್ಲಿ, ಆನಿ ಬೆಸೆಂಟ್ ಅವರ ಪ್ರೇರಣೆಯಿಂದ ಹುಟ್ಟಿದ್ದು. 1936ರಲ್ಲಿ ಗಾಂಧೀಜಿ ಅಲ್ಲಿಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಹೇಳಿದವನು ಇದೇ ಹಳ್ಳಿಯ ಹುಡುಗ. ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಓದುತ್ತಿದ್ದಾಗ 1942ರ ಚಳವಳಿ ಬಂತು. ಓದನ್ನು ಬದಿಗಿಟ್ಟು ಜೈಲಿಗೆ ಹೋದರು. ಹೊರಬಂದು ಓದು ಮುಗಿಸಿ 1946ರಲ್ಲಿ, ಹಿಂದಿನ ವರ್ಷವಷ್ಟೇ ಆರಂಭವಾಗಿದ್ದ ನ್ಯಾಷನಲ್ ಕಾಲೇಜಿಗೆ ಅಧ್ಯಾಪಕರಾಗಿ ಸೇರಿದರು.

ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ 1960ರಲ್ಲಿ ಅವರಿಗೆ ಡಾಕ್ಟರೇಟ್ ದೊರೆಯಿತು. ಆ ಕಾಲಕ್ಕೆ, ಆ ವಿಷಯದಲ್ಲಿ, ಅಂಥ ಪದವಿ ಇದ್ದವರಿಗೆ ದೇಶದಲ್ಲಿ ಎಷ್ಟೊಂದು ಬಾಗಿಲುಗಳು ತೆರೆದಿದ್ದವು ಎಂಬುದನ್ನು ಯೋಚಿಸಿ ನೋಡಿ. ಪರಮಾಣು ಶಕ್ತಿಯ ದೊಡ್ಡ ಕಾರ್ಯಕ್ರಮ ಮುಂಬಯಿಯಲ್ಲಿ ಬೆಳೆಯುತ್ತಿತ್ತು. ಅವರು ವಾಪಸು ಬಂದದ್ದು ಬಸವನಗುಡಿಯ ಪದವಿ ಕಾಲೇಜಿಗೆ, ತಾವು ಓದಿದ ಶಾಲೆಯನ್ನು ನಡೆಸುವ ಸಂಸ್ಥೆಗೇ. ಮರುವರ್ಷವೇ ಪ್ರಾಂಶುಪಾಲರಾದರು. ಇದನ್ನು ತ್ಯಾಗವೆಂದು ಹೊಗಳುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಪದವಿ ಕಾಲೇಜು ಸಂಶೋಧನಾಲಯಕ್ಕಿಂತ ಕೀಳಾದ ಜಾಗವೆಂದು ಒಪ್ಪಿಕೊಂಡವರಿಗೆ ಮಾತ್ರ ಅದು ತ್ಯಾಗ. ಅವರು ಹಾಗೆ ಒಪ್ಪಿಕೊಂಡಿರಲಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ನಮ್ಮ ಕಾಲೇಜುಗಳು ವಿಶ್ವವಿದ್ಯಾಲಯಗಳಿಗೆ ಸಂಯೋಜಿತವಾದವು. ಪಠ್ಯಕ್ರಮ ಮೇಲಿನಿಂದ ಬರುತ್ತದೆ, ಪರೀಕ್ಷೆಯೂ ಮೇಲಿನಿಂದಲೇ. ಅಮೆರಿಕದಲ್ಲಿ ವಿಜ್ಞಾನ, ಕಲೆ, ಸಾಹಿತ್ಯಗಳನ್ನು ಒಟ್ಟಿಗೆ ಓದಿಸುವ ಲಿಬರಲ್ ಆರ್ಟ್ಸ್ ಕಾಲೇಜಿನ ಅಧ್ಯಕ್ಷರು ಹೊಸ ವಿಭಾಗ ತೆರೆಯಬಲ್ಲರು, ನಿಧಿ ಕೂಡಿಸಬಲ್ಲರು. ಅಲ್ಲಿ ಏನು ಕಲಿಸಬೇಕೆಂಬುದನ್ನು ಅಧ್ಯಾಪಕರ ಸಭೆಯೇ ನಿರ್ಧರಿಸುತ್ತದೆ. ಇಲ್ಲಿನ ಪ್ರಾಂಶುಪಾಲರಿಗೆ ಆ ಅಧಿಕಾರ ಇರಲಿಲ್ಲ, ಈಗಲೂ ಬಹುಪಾಲು ಇಲ್ಲ. ನ್ಯಾಷನಲ್ ಕಾಲೇಜು ಮೊದಲು ಮೈಸೂರು ವಿಶ್ವವಿದ್ಯಾಲಯದ ಕೆಳಗಿತ್ತು, 1964ರಿಂದ ಬೆಂಗಳೂರು ವಿಶ್ವವಿದ್ಯಾಲಯದ ಕೆಳಗೆ ಬಂತು. ಹೀಗೆ ಕೈ ಕಟ್ಟಿದ್ದ ಹುದ್ದೆಯಲ್ಲಿ ಕುಳಿತ ನರಸಿಂಹಯ್ಯನವರು ಒಂದು ಸಂಗತಿಯನ್ನು ಗಮನಿಸಿದರು: ಬೆಳಗಿನ ಹೊತ್ತು ವಿಶ್ವವಿದ್ಯಾಲಯದ್ದಾದರೆ ಸಂಜೆಯ ಹೊತ್ತು ಕಾಲೇಜಿನದು. ಪಾಠ ಮುಗಿದ ಮೇಲೆ ಕಟ್ಟಡ ಇದೆ, ಬೆಂಚುಗಳಿವೆ, ಕಲಿಯಬೇಕೆಂಬ ಯುವಕರಿದ್ದಾರೆ, ಊರ ತುಂಬ ವಿಜ್ಞಾನಿಗಳಿದ್ದಾರೆ. ಯಾವ ಸುತ್ತೋಲೆಯೂ ಇದನ್ನು ತಡೆಯುವುದಿಲ್ಲ.

1962ರಲ್ಲಿ, ಪ್ರಾಂಶುಪಾಲರಾದ ಮರುವರ್ಷ, ಬೆಂಗಳೂರು ಸೈನ್ಸ್ ಫೋರಂ ಆರಂಭವಾಯಿತು. ವಾರಕ್ಕೊಂದು ಉಪನ್ಯಾಸ, ಬುಧವಾರ ಸಂಜೆ. ಪ್ರವೇಶಕ್ಕೆ ಹಣವಿಲ್ಲ. ವಿದ್ಯಾರ್ಥಿಗಳ ಜೊತೆಗೆ ಬಡಾವಣೆಯ ಗೃಹಿಣಿಯರು, ನಿವೃತ್ತ ನೌಕರರು ಬಂದು ಕೂರಬಹುದಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯಂಥ ದೊಡ್ಡ ಸಂಸ್ಥೆಗಳ ವಿಜ್ಞಾನಿಗಳು ಪದವಿ ಕಾಲೇಜೊಂದರ ಸಭಾಂಗಣಕ್ಕೆ ಬಂದು, ತಮ್ಮ ಕೆಲಸವನ್ನು ಸಾಮಾನ್ಯರಿಗೆ ತಿಳಿಯುವ ಮಾತಿನಲ್ಲಿ ಹೇಳುವ ರೂಢಿ ಬಿತ್ತು. ಹೊಸ ಅನುದಾನ ಬೇಕಾಗಲಿಲ್ಲ, ಹೊಸ ಹುದ್ದೆ ಮಂಜೂರಾಗಬೇಕಾಗಲಿಲ್ಲ. ಪ್ರತಿ ವಾರ ದೀಪ ಹಚ್ಚಿ, ಕುರ್ಚಿ ಹಾಕಿಸಿ, ಬಂದವರನ್ನು ಬರಮಾಡಿಕೊಳ್ಳುವ ಒಬ್ಬ ಮನುಷ್ಯ ಮುಂದಿನ ಬುಧವಾರವೂ ಅಲ್ಲೇ ಇರುತ್ತಾನೆ ಎಂಬ ಭರವಸೆ ಬೇಕಾಗಿತ್ತು. ಆ ಭರವಸೆ ಇದ್ದದ್ದರಿಂದಲೇ ಫೋರಂ ಅದನ್ನು ಕಟ್ಟಿದವರ ಕಾಲದಾಚೆಗೂ ಉಳಿಯಿತು.

ಒಂದೆಡೆ ನನಗೆ ಆದ ಅನುಭವವನ್ನು ಇಲ್ಲಿ ಹೇಳಬೇಕು. ತಾಲ್ಲೂಕು ಕೇಂದ್ರವೊಂದರ ಕಾಲೇಜಿನಲ್ಲಿದ್ದಾಗ, ಆ ಸೀಮೆಯ ಶಾಸನಗಳ ಬಗ್ಗೆ ಬಲ್ಲ ಹಿರಿಯರೊಬ್ಬರನ್ನು ಕರೆಸಿ ಮಧ್ಯಾಹ್ನದ ಮೇಲೆ ಮಕ್ಕಳಿಗೆ ಮಾತನಾಡಿಸಬೇಕೆಂದುಕೊಂಡೆ. ಅವರು ಗೌರವಧನವನ್ನೂ ಬೇಡವೆಂದಿದ್ದರು. ಪ್ರಭಾರದಲ್ಲಿದ್ದ ಪ್ರಾಂಶುಪಾಲರು ಕಡತ ನೋಡಿ ತಲೆ ತಗ್ಗಿಸಿದರು. ‘ಮೇಷ್ಟ್ರೇ, ಎರಡು ತಿಂಗಳಲ್ಲಿ ನನ್ನ ನಿವೃತ್ತಿ. ಆಡಿಟ್‌ನವರು ಏನು ಕೇಳುತ್ತಾರೋ, ಅಭಿವೃದ್ಧಿ ಸಮಿತಿಯವರು ನಮ್ಮನ್ನೇಕೆ ಕರೆಯಲಿಲ್ಲ ಎನ್ನುತ್ತಾರೋ. ಬರುವವರು ನೋಡಿಕೊಳ್ಳಲಿ’ ಎಂದರು. ಅವರ ಮೇಲೆ ನನಗೆ ಕೋಪವಿಲ್ಲ. ಎರಡು ತಿಂಗಳಿಗೆ ಬಂದವರು ಏನನ್ನು ತಾನೇ ಆರಂಭಿಸಲು ಸಾಧ್ಯ? ಆ ಉಪನ್ಯಾಸ ನಡೆಯಲಿಲ್ಲ. ತಮ್ಮ ಊರಿನ ಗುಡಿಯ ಮುಂದಿನ ಕಲ್ಲಿನ ಮೇಲೆ ಬರೆದಿರುವುದೇನೆಂದು ತಿಳಿಯದೆಯೇ ಆ ಮಕ್ಕಳು ಇತಿಹಾಸದ ಪದವಿ ಪಡೆದು ಹೋದರು. ಇದು ನನ್ನನ್ನು ಇವತ್ತಿಗೂ ನೋಯಿಸುತ್ತದೆ.

ಈಗಿನ ಪ್ರಾಂಶುಪಾಲರ ದಿನ ಹೇಗೆ ಕಳೆಯುತ್ತದೆ ಎಂಬುದು ತಮಗೆ ತಿಳಿಯದ ಸಂಗತಿಯಲ್ಲ. ಪ್ರವೇಶಾತಿ, ಅಂಕ, ಶುಲ್ಕ ಎಲ್ಲವನ್ನೂ ಯುಯುಸಿಎಂಎಸ್ ಎಂಬ, ವಿಶ್ವವಿದ್ಯಾಲಯ ಮತ್ತು ಕಾಲೇಜುಗಳ ಏಕೀಕೃತ ನಿರ್ವಹಣಾ ತಂತ್ರಾಂಶಕ್ಕೆ ಏರಿಸಬೇಕು. ವಿದ್ಯಾರ್ಥಿವೇತನದ ಅರ್ಜಿಗಳು ಮತ್ತೊಂದು ಪೋರ್ಟಲ್‌ನಲ್ಲಿ ಸಿಕ್ಕಿಕೊಂಡಿರುತ್ತವೆ. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವುದಿದ್ದರೆ ಐದು ವರ್ಷಗಳ ದಾಖಲೆಗಳನ್ನು ಫೋಟೋ ಸಮೇತ ಜೋಡಿಸಬೇಕು. ಅತಿಥಿ ಉಪನ್ಯಾಸಕರ ಕಾರ್ಯಭಾರ ಲೆಕ್ಕ ಹಾಕಬೇಕು, ಅವರ ಗೌರವಧನ ಬಾರದಿದ್ದಾಗ ಸಮಾಧಾನ ಹೇಳಬೇಕು. ಚುನಾವಣೆ ಬಂದರೆ ಕಟ್ಟಡವನ್ನೇ ಬಿಟ್ಟುಕೊಡಬೇಕು. ಇಷ್ಟರ ನಡುವೆ ಪ್ರಭಾರದವರು ತಮ್ಮ ವಿಷಯದ ತರಗತಿಗಳನ್ನೂ ತೆಗೆದುಕೊಳ್ಳಬೇಕು. ಈ ಕೆಲಸಗಳಲ್ಲಿ ಒಂದೂ ಅನಗತ್ಯವಲ್ಲ. ಆದರೆ ಇವುಗಳಲ್ಲಿ ಮುಕ್ಕಾಲು ಭಾಗವನ್ನು ಒಬ್ಬ ಒಳ್ಳೆಯ ಅಧೀಕ್ಷಕರು ಮತ್ತು ಇಬ್ಬರು ಗುಮಾಸ್ತರು ಮಾಡಬಲ್ಲರು. ಅವರ ಹುದ್ದೆಗಳನ್ನು ಖಾಲಿ ಬಿಟ್ಟು ಪ್ರಾಂಶುಪಾಲರನ್ನೇ ಗುಮಾಸ್ತರನ್ನಾಗಿ ಮಾಡಿಕೊಂಡಿದ್ದೇವೆ.

ಅರ್ಹತೆಯ ವಿಚಾರಕ್ಕೆ ಬರೋಣ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮಾವಳಿಯ ಪ್ರಕಾರ ಪ್ರಾಂಶುಪಾಲರಾಗಲು ಪಿಎಚ್‌.ಡಿ. ಬೇಕು, 15 ವರ್ಷಗಳ ಬೋಧನೆ ಅಥವಾ ಸಂಶೋಧನೆಯ ಅನುಭವ ಬೇಕು, 10 ಸಂಶೋಧನಾ ಪ್ರಕಟಣೆಗಳು ಮತ್ತು ಕನಿಷ್ಠ 110 ಸಂಶೋಧನಾ ಅಂಕಗಳು ಬೇಕು. ನೇಮಕ ಐದು ವರ್ಷಗಳಿಗೆ, ಕೆಲಸ ನೋಡಿ ಇನ್ನೂ ಐದು ವರ್ಷ ಮುಂದುವರಿಸಬಹುದು. ಈ ನಿಯಮದ ಕೊನೆಯ ಭಾಗ ನನಗೆ ಬಹಳ ಮೆಚ್ಚುಗೆಯಾಗಿದೆ: ಹತ್ತು ವರ್ಷ ಒಂದೇ ಜಾಗದಲ್ಲಿ ನೆಲೆನಿಂತು ಕೆಲಸ ಮಾಡುವ ಅವಕಾಶ ಅದರಲ್ಲಿದೆ, ನರಸಿಂಹಯ್ಯನವರಿಗೆ ಸಿಕ್ಕ ಕಾಲಕ್ಕೆ ಅದು ಸುಮಾರಾಗಿ ಸಮ. ಮೊದಲ ಭಾಗದ ಬಗ್ಗೆ ನನಗೆ ತಕರಾರಿದೆ. ಹತ್ತು ಲೇಖನಗಳನ್ನು ಎಣಿಸಿ ನೋಡುವ ಸಮಿತಿ, ಈ ವ್ಯಕ್ತಿ ಕಾಲೇಜಿನ ಗ್ರಂಥಾಲಯಕ್ಕೆ ಕಾಲಿಟ್ಟಿದ್ದಾರೆಯೇ, ಬೇರೆ ವಿಷಯದ ಅಧ್ಯಾಪಕರ ಪಾಠವನ್ನು ಎಂದಾದರೂ ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿದ್ದಾರೆಯೇ, ಒಬ್ಬ ವಿದ್ಯಾರ್ಥಿಯ ಪ್ರಶ್ನೆಗೆ ಗೊತ್ತಿಲ್ಲ ಎಂದು ಹೇಳುವ ಧೈರ್ಯ ಇವರಿಗಿದೆಯೇ ಎಂದು ಕೇಳುವುದಿಲ್ಲ. ಸ್ಪರ್ಧಾ ಪರೀಕ್ಷೆಯಲ್ಲೂ ಇವು ತಿಳಿಯುವುದಿಲ್ಲ.

ಪ್ರಶ್ನೆ ಕೇಳುವುದೆಂದಾಗ ನರಸಿಂಹಯ್ಯನವರ ಇಡೀ ಬದುಕೇ ಎದುರಿಗೆ ಬರುತ್ತದೆ. ಏನು, ಏಕೆ, ಹೇಗೆ ಎಂದು ಕೇಳದೆ ಯಾವುದನ್ನೂ ಒಪ್ಪಿಕೊಳ್ಳಬಾರದು ಎಂದು ಅವರು ಕೊನೆಯವರೆಗೂ ಹೇಳುತ್ತಿದ್ದರು. ಭೌತವಿಜ್ಞಾನ ಕಲಿತವರಲ್ಲಿ ಹಲವರು ಆ ಮಾತನ್ನು ಪ್ರಯೋಗಾಲಯದ ಬಾಗಿಲಲ್ಲೇ ಬಿಟ್ಟು ಮನೆಗೆ ಹೋಗುತ್ತಾರೆ. ಅವರು ಬಿಡಲಿಲ್ಲ. 1972ರಲ್ಲಿ ಕುಲಪತಿಗಳಾದ ಮೇಲೆ, 1976ರಲ್ಲಿ, ಪವಾಡಗಳನ್ನೂ ಪರೀಕ್ಷೆಗೆ ಒಳಪಡಿಸಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ವಿಶ್ವವಿದ್ಯಾಲಯದ ವತಿಯಿಂದಲೇ ಸಮಿತಿ ರಚಿಸಿದರು. ಪರೀಕ್ಷೆಗೆ ಸಹಕರಿಸುವಂತೆ ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೆ ಪತ್ರಗಳನ್ನು ಬರೆದರು, ಉತ್ತರ ಬರಲಿಲ್ಲ. ದೇಶವಿಡೀ ಚರ್ಚೆಯಾಯಿತು, ವಿರೋಧವೂ ಬಂತು. ಆ ಸಮಿತಿಯ ಆಯುಸ್ಸು ದೊಡ್ಡದಾಗಲಿಲ್ಲ, 1977ರಲ್ಲಿ ಅವರ ಅವಧಿಯೂ ಮುಗಿಯಿತು. ಇದಕ್ಕೆ ಹೋಲಿಸಿದರೆ ಬುಧವಾರದ ಉಪನ್ಯಾಸಗಳ ಕೆಲಸ ಸದ್ದಿಲ್ಲದ್ದು. ಆದರೆ ಪ್ರಶ್ನೆ ಕೇಳುವ ಅಭ್ಯಾಸ ಹುಡುಗರಲ್ಲಿ ಬೇರೂರಿದ್ದು ಆ ಉಪನ್ಯಾಸಗಳಿಂದ ಎಂದೇ ನನ್ನ ನಂಬಿಕೆ. ಅಧಿಕಾರದ ಆದೇಶದಿಂದ ಹುಟ್ಟಿದ ಸಮಿತಿ ಅಧಿಕಾರದ ಜೊತೆಗೇ ಹೋಯಿತು, ಕಾಲೇಜಿನ ರೂಢಿಯಾಗಿ ಬೆಳೆದದ್ದು ಹೋಗಲಿಲ್ಲ.

ಇನ್ನೊಂದು ಸಂಗತಿಯನ್ನು ಒತ್ತಿ ಹೇಳಬೇಕು. ಅವರು ವಿಜ್ಞಾನಿ, ಆದರೆ ಕಾಲೇಜನ್ನು ವಿಜ್ಞಾನದ ಕಾಲೇಜನ್ನಾಗಿ ಮಾತ್ರ ಕಾಣಲಿಲ್ಲ. ಸಂಗೀತ, ನೃತ್ಯ, ನಾಟಕಗಳಿಗಾಗಿ ಬೆಂಗಳೂರು ಲಲಿತಕಲಾ ಪರಿಷತ್ತನ್ನು ಕಟ್ಟಿದರು. ಕುಲಪತಿಯಾದಾಗ ವಿಶ್ವವಿದ್ಯಾಲಯದಲ್ಲಿ ಇದೇ ಕಲೆಗಳಿಗೆ ವಿಭಾಗ ತೆರೆಯಲು ಮುಂದಾದರು. ಪರಮಾಣುವಿನ ಬೀಜಕೇಂದ್ರದ ಬಗ್ಗೆ ಪ್ರಬಂಧ ಬರೆದವರಿಗೆ ಹರಿಕಥೆಯೂ ಭರತನಾಟ್ಯವೂ ಕಾಲೇಜಿನ ಒಳಗಿನ ವಸ್ತುಗಳಾಗಿ ಕಂಡವು. ಇಂದು ಬೆಂಗಳೂರಿನ ಸುತ್ತ ಹುಟ್ಟಿರುವ ಖಾಸಗಿ ವಿಶ್ವವಿದ್ಯಾಲಯಗಳು ಲಿಬರಲ್ ಆರ್ಟ್ಸ್ ಎಂಬ ಹೆಸರಿನಲ್ಲಿ, ಲಕ್ಷಗಟ್ಟಲೆ ಶುಲ್ಕ ಪಡೆದು, ಭೌತವಿಜ್ಞಾನದ ಜೊತೆಗೆ ಸಂಗೀತವನ್ನೂ ಅರ್ಥಶಾಸ್ತ್ರದ ಜೊತೆಗೆ ಕಾವ್ಯವನ್ನೂ ಓದಿಸುತ್ತೇವೆಂದು ಜಾಹೀರಾತು ಕೊಡುತ್ತವೆ. ಬಸವನಗುಡಿಯಲ್ಲಿ ಅರುವತ್ತರ ದಶಕದಲ್ಲಿ ಹಳ್ಳಿಯ ಹುಡುಗನೊಬ್ಬ ಇದನ್ನು ಸಂಜೆಗೊಮ್ಮೆ ಪುಕ್ಕಟೆಯಾಗಿ ಪಡೆಯಬಹುದಿತ್ತು. ಮಾನವಿಕ ವಿಷಯಗಳ ಸಂಯೋಜನೆಗಳು ವಿದ್ಯಾರ್ಥಿಗಳ ಕೊರತೆಯೆಂಬ ಕಾರಣಕ್ಕೆ ಒಂದೊಂದಾಗಿ ಮುಚ್ಚುತ್ತಿರುವ ಈ ಹೊತ್ತಿನಲ್ಲಿ, ಬಡವರ ಮಕ್ಕಳಿಗೆ ಕಾಮರ್ಸ್ ಸಾಕು, ಕಾವ್ಯ ಶ್ರೀಮಂತರಿಗಿರಲಿ ಎಂಬ ತೀರ್ಮಾನಕ್ಕೆ ನಾವು ಬಂದುಬಿಟ್ಟಿದ್ದೇವೆಯೇ ಎಂದು ತಮ್ಮನ್ನು ನೇರವಾಗಿ ಕೇಳುತ್ತೇನೆ.

ರಾಜ್ಯವು 2021ರಲ್ಲಿ ಹೊಸ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲಿಗೆ ಜಾರಿ ಮಾಡಿತು. 2024ರಲ್ಲಿ ನಾಲ್ಕು ವರ್ಷಗಳ ಪದವಿಯನ್ನು ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ಬಂದಿತು. ಎರಡೂ ಸಲ ಪಠ್ಯಕ್ರಮ ಬದಲಾಯಿತು, ತಂತ್ರಾಂಶ ಬದಲಾಯಿತು. ಎರಡೂ ಸಲ ಯಾರೂ ಪ್ರಾಂಶುಪಾಲರನ್ನು ಕೂರಿಸಿಕೊಂಡು ನಿಮ್ಮ ಕಾಲೇಜಿನಲ್ಲಿ ಇದು ನಡೆಯುತ್ತದೆಯೇ ಎಂದು ಕೇಳಿದಂತೆ ನನಗೆ ಕಾಣಲಿಲ್ಲ. ಯಾವ ನೀತಿ ಸರಿ ಎಂಬ ಜಗಳ ಈ ಪತ್ರದ ವಿಷಯವಲ್ಲ.

ಖಾಸಗಿ ಆಡಳಿತ ಮಂಡಳಿಗಳ ಸದಸ್ಯರಿಗೆ ಪ್ರತ್ಯೇಕವಾಗಿ ಒಂದು ಮಾತು. ನ್ಯಾಷನಲ್ ಕಾಲೇಜು ಸರ್ಕಾರದ್ದಲ್ಲ, ಒಂದು ಸೊಸೈಟಿಯದ್ದು. ಆ ಸೊಸೈಟಿಯ ಹಿರಿಯರು ಹಿಂದುಳಿದ ಸಮುದಾಯದ, ಬಡ ಹಳ್ಳಿಗನೊಬ್ಬನನ್ನು ತಮ್ಮ ಶಾಲೆಯಲ್ಲಿ ಓದಿಸಿದರು, ಅಧ್ಯಾಪಕನನ್ನಾಗಿ ಮಾಡಿಕೊಂಡರು, ಅದೇ ಮನುಷ್ಯನ ಕೈಗೆ ಕಾಲೇಜನ್ನು ಒಪ್ಪಿಸಿ ಹನ್ನೊಂದು ವರ್ಷ ಕೆಲಸ ಮಾಡಲು ಬಿಟ್ಟರು. ಬಸವನಗುಡಿ ಆ ಕಾಲಕ್ಕೆ ಎಂಥವರ ಬಡಾವಣೆಯಾಗಿತ್ತು ಎಂಬುದನ್ನು ಬಲ್ಲವರಿಗೆ ಈ ಮಾತಿನ ತೂಕ ಗೊತ್ತಾಗುತ್ತದೆ. ನಿಮ್ಮಲ್ಲಿ ಎಷ್ಟು ಸಂಸ್ಥೆಗಳು ತಮ್ಮ ಜಾತಿಯ, ಮಠದ, ಮನೆತನದ ಹೊರಗಿನವರನ್ನು ಪ್ರಾಂಶುಪಾಲರನ್ನಾಗಿ ನೇಮಿಸಿವೆ? ನೇಮಿಸಿದ ಮೇಲೆ ಪ್ರವೇಶದ ಸಮಯದಲ್ಲಿ ಶಿಫಾರಸು ಚೀಟಿ ಕಳಿಸದೆ ಇದ್ದೀರಾ? ಕಟುವಾಗಿ ಕೇಳುತ್ತಿದ್ದೇನೆಂದು ಬೇಸರಿಸಬೇಡಿ. ಒಳ್ಳೆಯ ಪ್ರಾಂಶುಪಾಲರ ಹಿಂದೆ ಕೈ ಕಟ್ಟಿ ಕುಳಿತುಕೊಳ್ಳಬಲ್ಲ ಆಡಳಿತ ಮಂಡಳಿ ಇರಲೇಬೇಕು, ಅದಿಲ್ಲದೆ ಎಂಥ ಯೋಗ್ಯರೂ ಒಂದೇ ವರ್ಷದಲ್ಲಿ ಸೊರಗಿಹೋಗುತ್ತಾರೆ.

ಅವರ ಬದುಕಿನ ಒಂದು ಭಾಗವನ್ನು ಮಾದರಿಯಾಗಿ ಮುಂದಿಡಲು ನನಗೆ ಮನಸ್ಸಿಲ್ಲ. ನರಸಿಂಹಯ್ಯನವರು ಅವಿವಾಹಿತರು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಾಲೇಜು ಹಾಸ್ಟೆಲಿನ ಒಂದು ಕೊಠಡಿಯಲ್ಲೇ ಇದ್ದರು. ಖಾದಿ ಬಟ್ಟೆ, ಗಾಂಧಿ ಟೋಪಿ, ಕೆಲವು ಪುಸ್ತಕಗಳು, ಅಷ್ಟೇ ಆಸ್ತಿ. 2005ರ ಜನವರಿ 31ರಂದು ತೀರಿಕೊಳ್ಳುವವರೆಗೂ ಅವರ ದಿನ ವಿದ್ಯಾರ್ಥಿಗಳ ನಡುವೆಯೇ ಸಾಗಿತು. ಇದನ್ನು ಕೇಳಿದಾಗ ಕಣ್ಣು ತುಂಬಿ ಬರುತ್ತದೆ, ನಿಜ. ಆದರೆ ಪ್ರತಿಯೊಬ್ಬ ಪ್ರಾಂಶುಪಾಲರಿಂದ ಸಂನ್ಯಾಸವನ್ನು ಬೇಡುವುದು ಅನ್ಯಾಯ. ಮನೆ, ಮಕ್ಕಳು, ವಯಸ್ಸಾದ ತಂದೆತಾಯಿಯರನ್ನು ನೋಡಿಕೊಂಡು ಕಾಲೇಜನ್ನೂ ನಡೆಸುವ ಮಹಿಳಾ ಪ್ರಾಂಶುಪಾಲರನ್ನು ನಾನು ಕಂಡಿದ್ದೇನೆ. ಅವರ ನಿಷ್ಠೆ ಹಾಸ್ಟೆಲಿನ ಕೊಠಡಿಗಿಂತ ಕಡಿಮೆಯದಲ್ಲ. ನಾವು ಸರಳತೆಯನ್ನು ಹಾಡಿ ಹೊಗಳಿ, ಆಡಳಿತದ ಜಾಣ್ಮೆಯನ್ನು ಮರೆತುಬಿಡುತ್ತೇವೆ. ಜೊತೆಗೆ ಒಂದು ಸಂಸ್ಥೆಯ ಹೆಸರು ಒಬ್ಬರ ಹೆಸರಿನೊಡನೆ ಅಷ್ಟು ದೀರ್ಘವಾಗಿ ಬೆಸೆದುಕೊಂಡಾಗ, ಅವರ ನಂತರದವರು ನೆರಳಿನಲ್ಲೇ ಉಳಿಯುವ ಅಪಾಯವೂ ಇದೆ. ಯುಜಿಸಿಯ ಹತ್ತು ವರ್ಷಗಳ ಮಿತಿ ಈ ಕಾರಣಕ್ಕೂ ನನಗೆ ಸರಿಯೆನಿಸುತ್ತದೆ.

ಬೆಂಗಳೂರಿನ ಒಂದು ಕಾಲೇಜನ್ನು ಬೆಳಗಿಸಿದ್ದಷ್ಟಕ್ಕೇ ಅವರು ನಿಂತಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಗೌರಿಬಿದನೂರಿನಲ್ಲಿ, ಬಾಗೇಪಲ್ಲಿಯಲ್ಲಿ ನ್ಯಾಷನಲ್ ಕಾಲೇಜುಗಳು ಎದ್ದು ನಿಂತದ್ದು ಅವರ ಶ್ರಮದಿಂದ. ತಾವು ನಡೆದು ಬಂದ ಸೀಮೆಯ ಮಕ್ಕಳು ನಡೆದು ಹೋಗಬೇಕಾಗದಂತೆ ಕಾಲೇಜನ್ನೇ ಅವರಿದ್ದಲ್ಲಿಗೆ ಒಯ್ದರು. ಬಾಗೇಪಲ್ಲಿಯಂಥ ಬರದ ತಾಲ್ಲೂಕಿನಲ್ಲಿ ಪದವಿ ಕಾಲೇಜಿದ್ದರೆ ಹೆಣ್ಣುಮಕ್ಕಳು ಓದುತ್ತಾರೆ, ಇಲ್ಲದಿದ್ದರೆ ಓದುವುದಿಲ್ಲ. ಇಂದು ನಮ್ಮ ಸರ್ಕಾರಿ ಕಾಲೇಜುಗಳ ತರಗತಿಗಳಿಗೆ ಹೋಗಿ ನೋಡಿ: ಮುಂದಿನ ಬೆಂಚುಗಳಲ್ಲಿ ಕುಳಿತಿರುವ ಬಹಳಷ್ಟು ಹುಡುಗಿಯರು ತಮ್ಮ ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರು. ಅವರಿಗೆ ಸಿಗುವ ಪ್ರಾಂಶುಪಾಲರು ಎಂಥವರು ಎಂಬುದು ರಾಜ್ಯದ ಭವಿಷ್ಯಕ್ಕೆ ಒಬ್ಬ ಕುಲಪತಿಯ ಆಯ್ಕೆಗಿಂತ ದೊಡ್ಡ ಪ್ರಶ್ನೆ.

ಕನ್ನಡ ನಾಡಿನಲ್ಲಿ ಪ್ರಾಂಶುಪಾಲರ ಹುದ್ದೆಗೆ ಘನತೆ ಇದ್ದ ಕಾಲವೊಂದಿತ್ತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಕುವೆಂಪು ಆ ಸ್ಥಾನದಲ್ಲಿದ್ದರು, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ವಿ.ಕೃ. ಗೋಕಾಕರಿದ್ದರು. ಊರಿಗೆ ಬಂದ ವಿದ್ವಾಂಸರು ಮೊದಲು ಕಾಣಬಯಸುತ್ತಿದ್ದದ್ದು ಅಂಥವರನ್ನು. ಈಗ ಊರಿಗೆ ಬಂದವರು ಕಾಣಬಯಸುವ ಪ್ರಾಂಶುಪಾಲರು ಎಷ್ಟು ಜನರಿದ್ದಾರೆ?

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳನ್ನು ಸ್ಪಷ್ಟವಾಗಿ ಇಡುತ್ತೇನೆ. ನೇಮಕವಾದ ಪ್ರಾಂಶುಪಾಲರನ್ನು ಅವರ ಐದು ವರ್ಷದ ಅವಧಿ ಮುಗಿಯುವ ಮೊದಲು, ಅವರೇ ಕೇಳಿದ ಹೊರತು, ವರ್ಗಾಯಿಸಬೇಡಿ. ವರ್ಗಾವಣೆಯ ಮಾರುಕಟ್ಟೆಯಿಂದ ಈ ಒಂದು ಹುದ್ದೆಯನ್ನಾದರೂ ಹೊರಗಿಡಿ. ಪ್ರತಿ ಕಾಲೇಜಿಗೂ ಒಬ್ಬ ಅಧೀಕ್ಷಕರನ್ನೂ ತಂತ್ರಾಂಶದ ಕೆಲಸ ಬಲ್ಲ ಒಬ್ಬ ಸಿಬ್ಬಂದಿಯನ್ನೂ ಕೊಡಿ. ಪ್ರಾಂಶುಪಾಲರು ವಾರಕ್ಕೆ ಕೆಲವು ಗಂಟೆಯಾದರೂ ಪಾಠ ಮಾಡುವುದನ್ನು ಕಡ್ಡಾಯ ಮಾಡಿ, ಪಾಠ ಬಿಟ್ಟ ಮೇಷ್ಟ್ರಿಗೆ ಮಕ್ಕಳ ಮುಖ ಮರೆತುಹೋಗುತ್ತದೆ. ಶಾಸಕರು ಅಧ್ಯಕ್ಷರಾಗಿರುವ ಕಾಲೇಜು ಅಭಿವೃದ್ಧಿ ಸಮಿತಿಗಳು ಕಟ್ಟಡ, ಕುಡಿಯುವ ನೀರು, ಶೌಚಾಲಯಗಳ ಕಡೆಗೆ ಗಮನ ಕೊಡಲಿ. ಯಾರನ್ನು ಕರೆಸಿ ಮಾತನಾಡಿಸಬೇಕು, ಗ್ರಂಥಾಲಯಕ್ಕೆ ಯಾವ ಪುಸ್ತಕ ತರಿಸಬೇಕು ಎಂಬುದು ಅಧ್ಯಾಪಕರ ಸಭೆಗೆ ಬಿಟ್ಟ ವಿಷಯವಾಗಲಿ.

ಕೊನೆಯದಾಗಿ, ಸಂಜೆಯ ವಿಚಾರ. ಈಗ ನಮ್ಮ ಬಹಳಷ್ಟು ಕಾಲೇಜುಗಳ ಗೇಟಿಗೆ ಮಧ್ಯಾಹ್ನ ನಾಲ್ಕಕ್ಕೆಲ್ಲ ಬೀಗ ಬೀಳುತ್ತದೆ. ವಾರಕ್ಕೆ ಒಂದು ದಿನ ಗ್ರಂಥಾಲಯವನ್ನೂ ಒಂದು ಸಭಾಂಗಣವನ್ನೂ ಸಂಜೆ ಏಳರವರೆಗೆ ತೆರೆದಿಡಲು, ಅಂದು ಊರಿನವರೂ ಒಳಗೆ ಬರಲು, ದೂರದ ಹಳ್ಳಿಗಳ ವಿದ್ಯಾರ್ಥಿನಿಯರಿಗೆ ಮನೆ ಸೇರಲು ಒಂದು ಬಸ್ ಇರುವಂತೆ ಸಾರಿಗೆ ನಿಗಮದೊಡನೆ ಮಾತಾಡಲು ಪ್ರಾಂಶುಪಾಲರಿಗೆ ಅನುಮತಿ ನೀಡುವ ಒಂದು ಪುಟದ ಆದೇಶ ಹೊರಡಿಸಿ. ಕಾವಲುಗಾರರ ಹೆಚ್ಚುವರಿ ಭತ್ಯೆ ಮತ್ತು ವಿದ್ಯುತ್ ಬಿಲ್ಲು ಬಿಟ್ಟರೆ ಇದಕ್ಕೆ ದೊಡ್ಡ ಖರ್ಚಿಲ್ಲ. ಉಪನ್ಯಾಸ ನೀಡಲು ನನ್ನಂಥ ನಿವೃತ್ತರು ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತೇವೆ, ನಮಗೆ ಗೌರವಧನ ಬೇಡ. ಮುಂದಿನ ಶೈಕ್ಷಣಿಕ ವರ್ಷದ ಪ್ರವೇಶಾತಿ ಆರಂಭವಾಗುವ ಮೊದಲು ಈ ಆದೇಶ ಕಾಲೇಜುಗಳನ್ನು ತಲುಪಿದರೆ ಜುಲೈನಲ್ಲೇ ಮೊದಲ ಸಭೆ ನಡೆಸಬಹುದು.

ಗೌರವಗಳೊಂದಿಗೆ,
ಒಬ್ಬ ನಿವೃತ್ತ ಇತಿಹಾಸ ಅಧ್ಯಾಪಕ